47 ವರ್ಷ, ಎರಡು ತಿಂಗಳು ಮುಟ್ಟಿಲ್ಲ, ಆಮೇಲೆ ನಿಲ್ಲದ ರಕ್ತ: ಇದು ಮುಟ್ಟು ನಿಲ್ಲುವ ಲಕ್ಷಣವಾ?

ಶಂಕರಪುರ ಮಲ್ಲಿಗೆ ಕೇಳಿದ ಪ್ರಶ್ನೆ

ನನಗೆ 47 ವರ್ಷ. ಉಡುಪಿ ಹತ್ತಿರದ ಶಂಕರಪುರದಲ್ಲಿ ಮನೆ. ಹಿತ್ತಿಲಲ್ಲಿ ಮಲ್ಲಿಗೆ ಗಿಡಗಳುಂಟು. ಬೆಳಿಗ್ಗೆ ಬೇಗ ಎದ್ದು ಮೊಗ್ಗು ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು, ಹೊತ್ತಿಗೆ ಸರಿಯಾಗಿ ಹೂವು ಕೊಳ್ಳುವ ಕಟ್ಟೆಗೆ ಮುಟ್ಟಿಸಬೇಕು. ಚೆಂಡಿಗೆ 800 ಹೂವು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಹೊತ್ತು ಮೀರಿದರೆ ಆ ದಿನದ ದುಡಿಮೆ ಹೋಯಿತು. ಹಾಗಾಗಿ ಮಲಗಿ ಸುಧಾರಿಸಿಕೊಳ್ಳಲು ನನಗೆ ಪುರುಸೊತ್ತಿಲ್ಲ.

ಕಳೆದ ವರ್ಷದಿಂದ ಮುಟ್ಟಿನ ಲೆಕ್ಕ ತಪ್ಪಿದೆ. ಮೊದಮೊದಲು 20-22 ದಿನಕ್ಕೇ ಬರುತ್ತಿತ್ತು. ಆಮೇಲೆ ಒಮ್ಮೆ ಎರಡು ತಿಂಗಳು ದಾಟಿದರೂ ಬರಲಿಲ್ಲ. ಮತ್ತೆ ಬಂದದ್ದು ವಾರ ಕಳೆದರೂ ಬಿಡಲಿಲ್ಲ. ಗಡ್ಡೆ ಗಡ್ಡೆಯಾಗಿ ಹೋಗುತ್ತದೆ. ಜಾಸ್ತಿ ಇರುವ ದಿನ ಗಂಟೆಗೊಂದು ಪ್ಯಾಡ್ ಬೇಕು. ಹೂ ಕಟ್ಟಿ ಏಳುವಾಗ ಮೊದಲು ಸೀರೆ ನೋಡಿಕೊಳ್ಳಬೇಕು. ತೋಟದ ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತದೆ.

ಇದರ ಜೊತೆ ಉರಿ. ಆಟಿ ತಿಂಗಳ ಮಳೆ ಸುರಿಯುವಾಗಲೂ ಎದೆಯಿಂದ ಕುತ್ತಿಗೆಗೆ, ಮುಖಕ್ಕೆ ಬಿಸಿ ಏರುತ್ತದೆ. ಎರಡು ಮೂರು ನಿಮಿಷ ಅಷ್ಟೆ. ಆಮೇಲೆ ಬೆವರು, ಬೆವರಿನ ಹಿಂದೆ ಚಳಿ. ನಡುರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಮಗಳ ಮೇಲೆ ಸಣ್ಣ ಮಾತಿಗೂ ರೇಗುತ್ತೇನೆ, ಆಮೇಲೆ ಬಚ್ಚಲಿಗೆ ಹೋಗಿ ಅಳುತ್ತೇನೆ. ನಾನು ಹೀಗಿರಲಿಲ್ಲ.

ಅತ್ತೆ ಹೇಳುವುದು, "ನಮಗೆಲ್ಲ ಹೇಗೆ ನಿಂತಿತೋ ಹಾಗೆ ನಿನಗೂ ನಿಲ್ಲುತ್ತದೆ, ಸುಮ್ನೆ ಇರು" ಅಂತ. ಬೊಂಬಾಯಿಯ ನಾದಿನಿ ಫೋನ್ ಮಾಡಿ, "ಹಾರ್ಮೋನ್ ಮಾತ್ರೆ ಮಾತ್ರ ಮುಟ್ಟಬೇಡಿ ಅತ್ತಿಗೆ, ಕ್ಯಾನ್ಸರ್ ಬರುತ್ತದೆ" ಎನ್ನುತ್ತಾಳೆ. ಪಕ್ಕದ ಮನೆಯವರು ಗರ್ಭಕೋಶ ತೆಗೆಸಿಬಿಡು, ಮತ್ತೆ ರಗಳೆ ಇಲ್ಲ ಎನ್ನುತ್ತಾರೆ. ಪೇಟೆಯ ಲ್ಯಾಬಿನಲ್ಲಿ ಹಾರ್ಮೋನ್ ಪರೀಕ್ಷೆಯ ಪ್ಯಾಕೇಜ್ ಬೋರ್ಡ್ ನೋಡಿದೆ. ಅದನ್ನು ಮಾಡಿಸಬೇಕಾ? ನಾನು ಈಗ ಯಾವ ಹಂತದಲ್ಲಿದ್ದೇನೆ? ಯಾರಾದರೂ ಗೊತ್ತಿದ್ದವರು ಹೇಳಿ.

ಸುರತ್ಕಲ್ ಟೀಚರ್

ಅಕ್ಕ, ಬಿಸಿ ಏರುವುದು, ನಿದ್ದೆ ಇಲ್ಲದ್ದು, ಸಿಟ್ಟು ಎಲ್ಲ ನನಗೂ ಉಂಟು. ನನಗೆ 49. ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆಯುತ್ತಿರುವಾಗಲೇ ಮುಖ ಕೆಂಪಾಗುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಯಾವುದು ಹವಾಮಾನ, ಯಾವುದು ಮೈಯದ್ದು ಅಂತ ಗೊತ್ತಾಗಲು ಸ್ವಲ್ಪ ಸಮಯ ಬೇಕಾಯಿತು. ಸಂಜೆ ಚಹಾ ಬಿಟ್ಟಿದ್ದೇನೆ, ರಾತ್ರಿ ಖಾರದ ಸಾರು ಕಡಿಮೆ ಮಾಡಿದ್ದೇನೆ, ತೆಳು ಕಾಟನ್ ಮಾತ್ರ ಹಾಕುತ್ತೇನೆ. ಅಷ್ಟಕ್ಕೆ ರಾತ್ರಿಯ ಬೆವರು ಸ್ವಲ್ಪ ಹತೋಟಿಗೆ ಬಂತು. ಆದರೆ ನಿಮ್ಮಷ್ಟು ರಕ್ತ ನನಗೆ ಹೋಗಿಲ್ಲ. ಅದಕ್ಕೆ ಮನೆಮದ್ದು ನಾನು ಹೇಳುವುದಿಲ್ಲ, ಡಾಕ್ಟರಿಗೆ ತೋರಿಸಿ.

ಬಿಜೈ ಸಿಸ್ಟರ್

ನಾನು ಮಂಗಳೂರಿನವಳು. ಹೆಂಗಸರ ವಾರ್ಡಿನಲ್ಲಿ ನರ್ಸ್ ಆಗಿದ್ದು ಈಗ ನಿವೃತ್ತಳು. ಡಾಕ್ಟರಲ್ಲ. ಆದರೆ ನಿಮ್ಮ ಪ್ರಶ್ನೆಯಲ್ಲಿ ಇರುವುದನ್ನು ತುಂಬಾ ನೋಡಿದ್ದೇನೆ, ಹಾಗಾಗಿ ಉದ್ದಕ್ಕೇ ಬರೆಯುತ್ತೇನೆ.

ಮೊದಲು ರಕ್ತದ ವಿಷಯ, ಉಳಿದದ್ದು ಆಮೇಲೆ. ಗಂಟೆಗೊಂದು ಪ್ಯಾಡ್, ಗಡ್ಡೆಗಳು, ಏಳು ದಿನಕ್ಕಿಂತ ಜಾಸ್ತಿ. ಇದನ್ನು "ನಿಲ್ಲುವ ಮುಂಚೆ ಹೀಗೆಯೇ" ಅಂತ ಬಿಡಬಾರದು. ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುವುದು ರಕ್ತ ಕಡಿಮೆಯಾದ ಲಕ್ಷಣ ಇರಬಹುದು. ಈ ವಾರವೇ ಹೋಗಿ ಹಿಮೋಗ್ಲೋಬಿನ್ ನೋಡಿಸಿ. ಹೆಂಗಸರಿಗೆ 12 ಇರಬೇಕು. ಬೀಡಿ ಕಟ್ಟುವವರು, ಮೀನು ಮಾರುವವರು, ಬ್ಯಾಂಕಿನಲ್ಲಿ ಕೂರುವವರು, ಹೀಗೆ ಎಂತೆಂಥವರೋ ಐದು, ಆರಕ್ಕೆ ಇಳಿದ ಮೇಲೆ ವಾರ್ಡಿಗೆ ಬರುತ್ತಿದ್ದರು. ರಕ್ತ ಏರಿಸುವಾಗ ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಈ ವಯಸ್ಸಿಗೆ ಇದೆಲ್ಲ ಇದ್ದದ್ದೇ ಅಲ್ವಾ ಸಿಸ್ಟರ್?" ಆ ಮಾತು ಕೇಳಿದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ವಯಸ್ಸಿನ ಹೆಸರು ಹೇಳಿ ಎಷ್ಟು ಹೆಂಗಸರು ನೋವು ನುಂಗಿದ್ದಾರೆ!

45 ದಾಟಿದವರಿಗೆ ಹೀಗೆ ಅತಿಯಾಗಿ ರಕ್ತ ಹೋದರೆ ಡಾಕ್ಟರು ಸ್ಕ್ಯಾನ್ ಮಾಡಿಸುತ್ತಾರೆ. ಗರ್ಭಕೋಶದ ಒಳಪದರದ ಚೂರು ತೆಗೆದು ಬಯಾಪ್ಸಿಗೂ ಕಳುಹಿಸುತ್ತಾರೆ. ಹೆದರಬೇಡಿ. ಫೈಬ್ರಾಯ್ಡ್ (ಗರ್ಭಕೋಶದ ಕ್ಯಾನ್ಸರಲ್ಲದ ಗಂಟು), ಪಾಲಿಪ್ (ಒಳಪದರದಲ್ಲಿ ಬೆಳೆಯುವ ಸಣ್ಣ ಮಾಂಸದ ಕುಡಿ), ಥೈರಾಯ್ಡ್ ಹೀಗೆ ಕಾರಣ ಹಲವು ಇರುತ್ತವೆ. ಕ್ಯಾನ್ಸರ್ ಅಲ್ಲ ಅಂತ ಖಚಿತ ಮಾಡಿಕೊಳ್ಳುವುದೂ ಅದರಲ್ಲಿ ಒಂದು. ಎರಡು ತಿಂಗಳು ನಿಂತಿತ್ತು ಎಂದಿರಿ. ಗರ್ಭ ಅಲ್ಲ ಅಂತಲೂ ನೋಡುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ.

ಈಗ ಹಂತ. ನಿಮ್ಮದು ಪೆರಿಮೆನೋಪಾಸ್ ಇರುವ ಹಾಗೆ ಕಾಣುತ್ತದೆ, ಅಂದರೆ ಮುಟ್ಟು ನಿಲ್ಲುವುದಕ್ಕೆ ಮುಂಚಿನ ಕಾಲ. ಇದರಲ್ಲೇ ಎರಡು ಭಾಗ. ಮೊದಲು ಒಂದು ತಿಂಗಳಿಗೂ ಇನ್ನೊಂದು ತಿಂಗಳಿಗೂ ಏಳು ದಿನ ಅಥವಾ ಅದಕ್ಕಿಂತ ಹೆಚ್ಚು ಏರುಪೇರು ಆಗುತ್ತಾ ಇರುತ್ತದೆ. ಆಮೇಲೆ 60 ದಿನ ಅಥವಾ ಅದಕ್ಕೂ ಹೆಚ್ಚಿನ ಅಂತರ ಬೀಳುತ್ತದೆ. ಅಷ್ಟು ಅಂತರ ಬಂದ ಮೇಲೆ ಕೊನೆಯ ಮುಟ್ಟಿಗೆ ಸಾಮಾನ್ಯವಾಗಿ ಒಂದರಿಂದ ಮೂರು ವರ್ಷ ಉಳಿದಿರುತ್ತದೆ. ಈ ಕಾಲದಲ್ಲಿ ಹಾರ್ಮೋನ್ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ ಅಂತ ಎಲ್ಲರೂ ಎಣಿಸುತ್ತಾರೆ. ಹಾಗಲ್ಲ. ನಮ್ಮಲ್ಲಿ ಮಳೆಗಾಲ ಮುಗಿಯುವಾಗ ಒಂದು ದಿನ ಬಿಸಿಲು, ಮರುದಿನ ಗುಡುಗು ಸಹಿತ ಸುರಿಯುತ್ತದಲ್ಲ, ಹಾಗೆ ಅದು ಏರುತ್ತದೆ, ಬೀಳುತ್ತದೆ. ಅಂಡಾಣು ಬಿಡುಗಡೆ ಆಗದ ತಿಂಗಳಲ್ಲಿ ಪ್ರೊಜೆಸ್ಟರೋನ್ ಎಂಬ ಹಾರ್ಮೋನ್ ಬರುವುದಿಲ್ಲ. ಈಸ್ಟ್ರೋಜನ್ ಎಂಬ ಇನ್ನೊಂದು ಹಾರ್ಮೋನ್ ಮಾತ್ರ ಗರ್ಭಕೋಶದ ಒಳಪದರವನ್ನು ದಪ್ಪ ಮಾಡುತ್ತಾ ಹೋಗುತ್ತದೆ. ಅದು ಕಳಚುವಾಗ ಹೀಗೆ ಗಡ್ಡೆಗಟ್ಟಿ ಹೋಗುತ್ತದೆ.

ಮುಟ್ಟು ನಿಂತಿತು ಅಂತ ಹೇಳಬೇಕಾದರೆ ಹನ್ನೆರಡು ತಿಂಗಳು ಒಂದು ಚುಕ್ಕೆಯೂ ಕಾಣಬಾರದು. ಹನ್ನೊಂದನೇ ತಿಂಗಳಲ್ಲಿ ಬಂತೆಂದರೆ ಲೆಕ್ಕ ಮತ್ತೆ ಮೊದಲಿನಿಂದ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ 46-47ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಪಾಶ್ಚಾತ್ಯ ದೇಶಗಳಲ್ಲಿ 51ರ ಹತ್ತಿರ. 40ರ ಒಳಗೆ ನಿಂತರೆ ಅದು ಬೇರೆಯೇ ವಿಷಯ, ಖಂಡಿತ ತೋರಿಸಬೇಕು. ಮತ್ತೆ, ನಿಲ್ಲುತ್ತಾ ಬಂತು ಅಂತ ಗರ್ಭ ನಿಲ್ಲುವುದಿಲ್ಲ ಎಂದುಕೊಳ್ಳಬೇಡಿ. 50ರ ಒಳಗೆ ಮುಟ್ಟು ನಿಂತವರು ಎರಡು ವರ್ಷ, 50 ದಾಟಿ ಮುಟ್ಟು ನಿಂತವರು ಒಂದು ವರ್ಷ ಜಾಗ್ರತೆಯಿಂದ ಇರಬೇಕು.

ಆ ಲ್ಯಾಬಿನ ಪ್ಯಾಕೇಜಿಗೆ ದುಡ್ಡು ಹಾಕಬೇಡಿ. 45 ದಾಟಿದವರಿಗೆ ಮುಟ್ಟಿನ ಏರುಪೇರು, ಬಿಸಿ ಏರುವುದು ಇದ್ದರೆ ಅದೇ ಸಾಕ್ಷಿ. ಎಫ್‌ಎಸ್‌ಎಚ್ ಎಂಬ ಹಾರ್ಮೋನಿನ ಪರೀಕ್ಷೆ ಇವತ್ತು ಒಂದು ತೋರಿಸುತ್ತದೆ, ಮುಂದಿನ ತಿಂಗಳು ಇನ್ನೊಂದು. ಅದರ ಬದಲು ಹಿಮೋಗ್ಲೋಬಿನ್, ಥೈರಾಯ್ಡಿನ ಟಿಎಸ್‌ಎಚ್, ಸಕ್ಕರೆ, ಬಿಪಿ ನೋಡಿಸಿ. ಥೈರಾಯ್ಡ್ ಕೆಟ್ಟರೂ ಬೆವರು, ಎದೆ ಬಡಿತ, ನಿದ್ದೆಗೇಡು ಎಲ್ಲ ಬರುತ್ತದೆ.

ಬಿಸಿ ಏರುವುದು ಯಾಕೆಂದರೆ, ಮೈಯ ಬಿಸಿ ನೋಡಿಕೊಳ್ಳುವ ಮೆದುಳಿನ ಭಾಗ ಈಸ್ಟ್ರೋಜನ್ ಕಡಿಮೆಯಾದಾಗ ತೀರಾ ಸೂಕ್ಷ್ಮವಾಗುತ್ತದೆ. ಸ್ವಲ್ಪ ಬಿಸಿ ಹೆಚ್ಚಾದರೂ ಚರ್ಮದ ರಕ್ತನಾಳ ತೆರೆದು ಬೆವರಿಸಿಬಿಡುತ್ತದೆ. ಕೆಲವರಿಗೆ ಒಂದೆರಡು ವರ್ಷ, ಹಲವರಿಗೆ ಏಳೆಂಟು ವರ್ಷ ಇರುತ್ತದೆ. ಸಹಿಸುತ್ತಾ ಕೂರಬೇಕಾಗಿಲ್ಲ, ಮದ್ದುಂಟು. ಹಾರ್ಮೋನ್ ಮಾತ್ರೆ ಅದರಲ್ಲಿ ಒಂದು.

ನಿಮ್ಮ ನಾದಿನಿ ಹೇಳಿದ್ದರ ಹಿಂದೆ ಒಂದು ಕಥೆ ಉಂಟು. 2002ರಲ್ಲಿ ಅಮೆರಿಕದಲ್ಲಿ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ದೊಡ್ಡ ಅಧ್ಯಯನದ ಒಂದು ಭಾಗವನ್ನು ನಡುವಿನಲ್ಲೇ ನಿಲ್ಲಿಸಿದರು. ಎರಡು ಹಾರ್ಮೋನ್ ಸೇರಿಸಿ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ವರ್ಷಕ್ಕೆ 10,000 ಮಂದಿಯಲ್ಲಿ 30ರ ಬದಲು 38 ಮಂದಿಗೆ ಕಂಡಿತ್ತು. ಪೇಪರುಗಳಲ್ಲಿ ಬಂದದ್ದು ಹೆದರಿಕೆ ಮಾತ್ರ. ಆ ಹೆಂಗಸರ ಸರಾಸರಿ ವಯಸ್ಸು 63 ಎಂಬುದು ಯಾರ ಕಿವಿಗೂ ಬೀಳಲಿಲ್ಲ. ಮುಂದೆ ಅದೇ ಲೆಕ್ಕವನ್ನು ಮತ್ತೆ ನೋಡಿದಾಗ, 60ರ ಒಳಗಿನವರಿಗೆ ಅಥವಾ ಮುಟ್ಟು ನಿಂತು ಹತ್ತು ವರ್ಷದ ಒಳಗಿನವರಿಗೆ, ತೊಂದರೆ ಜೋರಾಗಿದ್ದರೆ, ಸಾಮಾನ್ಯವಾಗಿ ಅಪಾಯಕ್ಕಿಂತ ಉಪಕಾರ ಹೆಚ್ಚು ಎಂದು ಗೊತ್ತಾಯಿತು. ಎಲ್ಲರಿಗೂ ಅಲ್ಲ. ಸ್ತನ ಕ್ಯಾನ್ಸರ್ ಆದವರು, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದವರು, ಲಿವರ್ ತೊಂದರೆ ಇರುವವರಿಗೆ ಕೊಡುವುದಿಲ್ಲ. ಕಾರಣ ಗೊತ್ತಿಲ್ಲದೆ ರಕ್ತ ಹೋಗುತ್ತಿರುವವರಿಗೂ ಕೊಡುವುದಿಲ್ಲ. ನೀವು ಈಗ ಈ ಕೊನೆಯ ಸಾಲಿನಲ್ಲಿದ್ದೀರಿ, ಅದಕ್ಕೇ ಪರೀಕ್ಷೆ ಮೊದಲು. ಗರ್ಭಕೋಶ ಇರುವವರು ಬರೀ ಈಸ್ಟ್ರೋಜನ್ ತೆಗೆದುಕೊಳ್ಳಬಾರದು, ಜೊತೆಗೆ ಪ್ರೊಜೆಸ್ಟರೋನ್ ಬೇಕೇ ಬೇಕು. ಯಾರದೋ ಚೀಟಿ ತೋರಿಸಿ ಮೆಡಿಕಲಿನಿಂದ ತರಬೇಡಿ. ಹಾರ್ಮೋನ್ ಆಗದವರಿಗೆ ಬೇರೆ ಮಾತ್ರೆಗಳೂ ಉಂಟು, ವೆನ್‌ಲಾಫಾಕ್ಸಿನ್, ಗಾಬಾಪೆಂಟಿನ್ ಹಾಗಿನವು, ಡಾಕ್ಟರು ನೋಡಿ ಕೊಡುತ್ತಾರೆ.

ಗರ್ಭಕೋಶ ತೆಗೆಸುವ ಮಾತು ಕಡೆಗಿರಲಿ. ರಕ್ತ ಕಡಿಮೆ ಮಾಡಲು ಟ್ರಾನೆಕ್ಸಾಮಿಕ್ ಆ್ಯಸಿಡ್ ಮಾತ್ರೆ ಉಂಟು. ಕಾಪರ್-ಟಿ ಹಾಗೆ ಒಳಗೆ ಇಡುವ, ಸ್ವಲ್ಪ ಸ್ವಲ್ಪ ಹಾರ್ಮೋನ್ ಬಿಡುವ ಮಿರೇನಾ ಉಂಟು. ಅದು ತುಂಬಾ ಮಂದಿಯ ಆಪರೇಶನ್ ತಪ್ಪಿಸಿದೆ. ಇವೆಲ್ಲ ನೋಡದೆ ಯಾರಾದರೂ ಸೀದಾ ಆಪರೇಶನ್ ಎಂದರೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳಿ. ಕೇಳುವುದು ನಿಮ್ಮ ಹಕ್ಕು.

ಮಗಳ ಮೇಲೆ ರೇಗುವುದು, ಬಚ್ಚಲಿನಲ್ಲಿ ಅಳುವುದು, ಇದನ್ನೂ ಡಾಕ್ಟರ ಮುಂದೆ ಹೇಳಿ. ಈ ಕಾಲದಲ್ಲಿ ಖಿನ್ನತೆ ಬರುವ ಸಂಭವ ಹೆಚ್ಚು. ನಿಮ್ಮ ಸ್ವಭಾವ ಕೆಟ್ಟಿಲ್ಲ. ಮಗಳಿಗೂ ವಿಷಯ ಹೇಳಿ, ಅವಳಿಗೂ ಗೊತ್ತಿರಲಿ.

ಕಾಪುವಿನವಳು

ಸಿಸ್ಟರ್ ಬರೆದದ್ದು ಓದಿ ನಾನೂ ಹೇಳಲೇಬೇಕು ಅನಿಸಿತು. ನನಗೆ 41ರಲ್ಲಿ ಫೈಬ್ರಾಯ್ಡ್ ಅಂತ ಒಂದು ಆಸ್ಪತ್ರೆಯಲ್ಲಿ ಗರ್ಭಕೋಶ ತೆಗೆದರು. ಜೊತೆಗೆ ಎರಡೂ ಅಂಡಾಶಯ ತೆಗೆದರು. ಅಂಡಾಶಯ ತೆಗೆದರೆ ಮೆನೋಪಾಸ್ ಆ ದಿನವೇ ಶುರು ಎಂದು ಒಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಹೊಲಿಗೆ ಒಣಗುವ ಮುಂಚೆಯೇ ಮೈ ಬೆಂಕಿ. ನನಗೆ ಹುಚ್ಚು ಹಿಡಿಯಿತೋ ಎಂದು ಹೆದರಿದ್ದೆ. ಎಲ್ಲರಿಗೆ ವರ್ಷಗಟ್ಟಲೆ ನಿಧಾನಕ್ಕೆ ಆಗುವುದು ನನಗೆ ಒಂದೇ ಸಲಕ್ಕೆ ಆಯಿತು.

ಕೆಲವು ವರ್ಷದ ಮೇಲೆ ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳದಲ್ಲಿ ಜಾರಿ ಕೈ ಊರಿದೆ. ಮಣಿಕಟ್ಟು ಮುರಿಯಿತು. ಆಗ ಎಲುಬಿನ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿದರು. ಅದರ ಅಂಕ, ಟಿ-ಸ್ಕೋರ್ ಅಂತಾರೆ, ಮೈನಸ್ 2.5ಕ್ಕಿಂತಲೂ ಕೆಳಗೆ. ಎಲುಬು ಟೊಳ್ಳಾಗಿದೆ ಅಂತ. ಇನ್ನೂ 50 ಆಗಿರಲಿಲ್ಲ ನನಗೆ. ಅಷ್ಟು ಬೇಗ ಅಂಡಾಶಯ ತೆಗೆದವರಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ, ಸಹಜವಾಗಿ ನಿಲ್ಲುವ ವಯಸ್ಸಿನ ತನಕ ಹಾರ್ಮೋನ್ ಕೊಡುತ್ತಾರೆ ಎಂದು ಆ ಎಲುಬಿನ ಡಾಕ್ಟರ ಬಾಯಿಂದ ಮೊದಲ ಸಲ ಕೇಳಿದೆ.

ಆಪರೇಶನ್ ಬೇಕೇ ಬೇಕು ಎಂದಾದರೆ ಮಾಡಿಸಿ ಅಕ್ಕ. ಆದರೆ "ಅಂಡಾಶಯ ಉಳಿಸುತ್ತೀರಾ, ತೆಗೆಯುತ್ತೀರಾ, ಯಾಕೆ?" ಅಂತ ಸಹಿ ಹಾಕುವ ಮುಂಚೆ ಕೇಳಿ. ಮನೆಯವರನ್ನು ಕೇಳಲು ಬಿಡಬೇಡಿ, ನೀವೇ ಕೇಳಿ.

ಕಿನ್ನಿಗೋಳಿ ಮಗಳು

ಸಿಸ್ಟರ್, ನಡುವೆ ಬಂದು ಕೇಳುತ್ತಿದ್ದೇನೆ. ನನ್ನ ಅಮ್ಮನಿಗೆ 58. ಮುಟ್ಟು ನಿಂತು ಆರೇಳು ವರ್ಷವಾಯಿತು. ಮೊನ್ನೆ ಬಟ್ಟೆಯಲ್ಲಿ ಸ್ವಲ್ಪ ರಕ್ತ ಕಂಡಿತಂತೆ. ಉಷ್ಣ ಆಗಿರಬೇಕು ಅಂತ ಜೀರಿಗೆ ಕಷಾಯ, ಪುನರ್ಪುಳಿ ಶರಬತ್ತು ಕುಡಿದು ಸುಮ್ಮನಾಗಿದ್ದಾರೆ. ಈಗ ಏನೂ ಇಲ್ಲ. ನನ್ನ ಹತ್ತಿರವೂ ನಿನ್ನೆ ಹೇಳಿದ್ದು. ಕಾದು ನೋಡಬಹುದಾ?

ಬಿಜೈ ಸಿಸ್ಟರ್

ಕಾಯಬೇಡಿ. ನಿಂತು ವರ್ಷ ದಾಟಿದ ಮೇಲೆ ಒಂದು ಚುಕ್ಕೆ ಕಂಡರೂ ತೋರಿಸಲೇಬೇಕು. ಈಗ ನಿಂತಿದೆ ಎಂಬುದು ಲೆಕ್ಕಕ್ಕಿಲ್ಲ. ಹೆಚ್ಚಿನವರಲ್ಲಿ ಕಾರಣ ಸಣ್ಣದೇ ಇರುತ್ತದೆ, ಒಳಗಿನ ಚರ್ಮ ಒಣಗಿ ತೆಳುವಾದದ್ದೋ, ಪಾಲಿಪ್ಪೋ. ಆದರೆ ಗರ್ಭಕೋಶದ ಕ್ಯಾನ್ಸರ್ ಮೊದಲು ತೋರಿಸಿಕೊಳ್ಳುವುದೂ ಹೀಗೆಯೇ. ಬೇಗ ಸಿಕ್ಕಿದರೆ ಚೆನ್ನಾಗಿ ಗುಣವಾಗುವ ಕಾಯಿಲೆ ಅದು. ಕೆಳಗಿನಿಂದ ಮಾಡುವ ಸ್ಕ್ಯಾನಿನಲ್ಲಿ ಒಳಪದರದ ದಪ್ಪ ಅಳೆಯುತ್ತಾರೆ. 4 ಮಿಲಿಮೀಟರಿಗಿಂತ ಹೆಚ್ಚಿದ್ದರೆ ಬಯಾಪ್ಸಿ ಮಾಡುತ್ತಾರೆ. ಕಡಿಮೆ ಇದ್ದೂ ಮತ್ತೆ ಮತ್ತೆ ರಕ್ತ ಕಂಡರೆ ಆಗಲೂ ಮಾಡಬೇಕು. ಅಮ್ಮನಿಗೆ ನಾಚಿಕೆ ಇದ್ದರೆ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನೀವು ಜೊತೆಗಿರಿ. ಮಂಗಳೂರಿನವರೆಗೆ ಬರಬಹುದಾದರೆ ಲೇಡಿಗೋಶನ್‌ಗೆ ಬನ್ನಿ, ಹೆಂಗಸರಿಗೆಂದೇ ಇರುವ ಸರಕಾರಿ ಆಸ್ಪತ್ರೆ.

ಇನ್ನೊಂದು. ಒಬ್ಬರು ಇಲ್ಲಿ ಬರೆಯಲು ಮುಜುಗರವಾಗಿ ನನಗೆ ಬೇರೆಯಾಗಿ ಬರೆದಿದ್ದರು. ಹೆಸರು ಹೇಳುವುದಿಲ್ಲ, ಉತ್ತರ ಎಲ್ಲರಿಗೂ ಬೇಕು. ಮುಟ್ಟು ನಿಂತ ಮೇಲೆ ಕೆಳಗೆ ಒಣಗುವುದು, ಗಂಡನ ಜೊತೆ ಸೇರುವಾಗ ನೋವು, ಉರಿಮೂತ್ರ, ಬಾತ್‌ರೂಮಿಗೆ ಓಡುವಷ್ಟರಲ್ಲಿ ಮೂತ್ರ ಹೋಗುವುದು, ಇವೆಲ್ಲ ಒಂದೇ ಕಾರಣದಿಂದ. ಬಿಸಿ ಏರುವುದು ವರ್ಷ ಕಳೆದಂತೆ ಕಡಿಮೆಯಾಗುತ್ತದೆ, ಇದು ತನ್ನಿಂದ ತಾನೇ ಹೋಗುವುದಿಲ್ಲ, ಹೆಚ್ಚಾಗುತ್ತಾ ಬರುತ್ತದೆ. ಅಲ್ಲಿಗೇ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಉಂಟು. ಪ್ರಮಾಣ ಕಡಿಮೆ, ರಕ್ತಕ್ಕೆ ಸೇರುವುದೂ ತೀರಾ ಕಡಿಮೆ. ಬರೀ ಒಣಗುವುದಷ್ಟೇ ಆದರೆ ಹಾರ್ಮೋನ್ ಇಲ್ಲದ ಜೆಲ್ ಸಾಕಾಗಬಹುದು. ಹೆಂಡತಿ ಬೇಡ ಎಂದರೆ ಮನಸ್ಸಿಲ್ಲ ಎಂದುಕೊಳ್ಳುವ ಗಂಡಸರು ಇದನ್ನು ಓದುತ್ತಿದ್ದರೆ, ಅದು ನೋವು. ಕೇಳಿ ನೋಡಿ.

ಕಾಪುವಿನವರು ಎಲುಬಿನ ಮಾತು ತೆಗೆದದ್ದು ಒಳ್ಳೆಯದಾಯಿತು. ಮುಟ್ಟು ನಿಂತ ಮೊದಲ ಐದಾರು ವರ್ಷ ಎಲುಬು ಅತಿ ವೇಗವಾಗಿ ಸವೆಯುತ್ತದೆ. ನೋವಿಲ್ಲ, ಗೊತ್ತೇ ಆಗುವುದಿಲ್ಲ. ಕೊಲೆಸ್ಟರಾಲ್, ಬಿಪಿ ಏರುವುದೂ ಆಗಲೇ. ಗಂಡಸರಿಗೆ ಮಾತ್ರ ಹಾರ್ಟ್ ಅಟ್ಯಾಕ್ ಎಂದು ಕೂರಬೇಡಿ. ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಸಿಗುತ್ತದೆ, ಹಾಗಾಗಿ ರಾಗಿ ಮಣ್ಣಿ, ರಾಗಿ ಅಂಬಲಿ ಮಾಡಿ. ಮಣ್ಣಿಗೆ ಬೆಲ್ಲ ಕಡಿಮೆ ಹಾಕಿ. ಮೀನು ತಿನ್ನುವವರು ಬೊಳೆಂಜಿರ್, ಕೊಲ್ಲತರು ಹಾಗಿನ ಸಣ್ಣ ಮೀನನ್ನು ಮುಳ್ಳು ಸಹಿತ ಅಗಿದು ತಿನ್ನಿ. ಬೂತಾಯಿ ಮೀನು ಹೃದಯಕ್ಕೂ ಒಳ್ಳೆಯದು. ಹುರಿದ ಎಳ್ಳು, ಮೊಸರು, ಹುರುಳಿ ಸಾರು ಇರಲಿ. ವಿಟಮಿನ್ ಡಿ ಕೂಡ ನೋಡಿಸಿ, ನಮ್ಮಲ್ಲಿ ಬಿಸಿಲು ಧಾರಾಳ, ಆದರೆ ನಾವು ನೆರಳಿನಲ್ಲೇ ಇರುತ್ತೇವೆ. ಮತ್ತೆ ನಡೆಯಬೇಕು, ಸ್ವಲ್ಪ ಭಾರ ಎತ್ತಬೇಕು. ಕೂತು ಮಾಡುವ ಕೆಲಸದಿಂದ ಎಲುಬಿಗೆ ಬಲ ಬರುವುದಿಲ್ಲ.

ಶಂಕರಪುರ ಮಲ್ಲಿಗೆ

ಎಲ್ಲರಿಗೂ ತುಂಬಾ ಉಪಕಾರ. ಉಡುಪಿಗೆ ಹೋಗಿ ಬಂದೆ. ಹಿಮೋಗ್ಲೋಬಿನ್ 8.6. ಸ್ಕ್ಯಾನಿನಲ್ಲಿ ಸಣ್ಣ ಫೈಬ್ರಾಯ್ಡ್ ಉಂಟು, ಒಳಪದರ ದಪ್ಪವಾಗಿದೆ. ಬಯಾಪ್ಸಿಗೆ ಕಳುಹಿಸಿದ್ದಾರೆ. ರಿಪೋರ್ಟ್ ಬಂದ ಮೇಲೆ ಮಿರೇನಾ ಇಡುವ ಬಗ್ಗೆ ಮಾತಾಡೋಣ ಎಂದರು. ಥೈರಾಯ್ಡ್ ಸರಿ ಇದೆ. ಅಂಡಾಶಯದ ಪ್ರಶ್ನೆಯನ್ನೂ ಕೇಳಿದೆ. ಈಗ ಆಪರೇಶನ್ನಿನ ಮಾತೇ ಇಲ್ಲ ಎಂದರು. ಮಗಳು ಜೊತೆಗೆ ಬಂದಿದ್ದಳು. ಹೂ ಕೊಯ್ಯುವುದು ಕೆಲವು ದಿನ ಅವಳೇ ನೋಡಿಕೊಳ್ಳುತ್ತಾಳಂತೆ. ಅತ್ತೆಗೂ ರಿಪೋರ್ಟ್ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ತಮಗೂ ಹೀಗೆ ಹೋಗುತ್ತಿತ್ತು, ಗದ್ದೆ ಕೆಲಸದ ನಡುವೆ ತಲೆ ತಿರುಗಿ ಬಿದ್ದದ್ದೂ ಉಂಟು ಎಂದರು. ಇಷ್ಟು ವರ್ಷದಲ್ಲಿ ನನಗೆ ಹೇಳಿರಲಿಲ್ಲ.

ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಎರಡೂ ಕೊಟ್ಟಿದ್ದಾರೆ. ಒಟ್ಟಿಗೆ ತಿನ್ನಬಹುದಾ? ಕಬ್ಬಿಣದ್ದು ತಿಂದರೆ ಹೊಟ್ಟೆ ತೊಳೆಸುತ್ತದೆ.

ಬಿಜೈ ಸಿಸ್ಟರ್

ಬೇರೆ ಬೇರೆ ಹೊತ್ತಿಗೆ ತಿನ್ನಿ. ಕ್ಯಾಲ್ಸಿಯಂ ಇದ್ದರೆ ಕಬ್ಬಿಣ ಮೈಗೆ ಸರಿಯಾಗಿ ಹಿಡಿಯುವುದಿಲ್ಲ. ಕಬ್ಬಿಣದ್ದು ಬೆಳಿಗ್ಗೆ ನಿಂಬೆ ಶರಬತ್ತಿನ ಜೊತೆ, ಕ್ಯಾಲ್ಸಿಯಂ ರಾತ್ರಿ ಊಟದ ಜೊತೆ. ಕಬ್ಬಿಣದ ಮಾತ್ರೆಗೆ ಮುಂಚೆ, ಆಮೇಲೆ ಒಂದೆರಡು ಗಂಟೆ ಚಹಾ, ಕಾಫಿ, ಹಾಲು ಬೇಡ. ಖಾಲಿ ಹೊಟ್ಟೆಗೆ ಆಗುವುದಿಲ್ಲ ಎಂದಾದರೆ ಸ್ವಲ್ಪ ಗಂಜಿ ಉಂಡು ತಿನ್ನಿ. ಆಗಲೂ ಆಗದಿದ್ದರೆ ಬೇರೆ ಮಾತ್ರೆ ಬದಲಿಸಿ ಕೊಡುತ್ತಾರೆ, ನೀವಾಗಿ ಬಿಡಬೇಡಿ. ಮಲ ಕಪ್ಪಾಗುತ್ತದೆ, ಗಾಬರಿ ಬೇಡ. ಹಿಮೋಗ್ಲೋಬಿನ್ 12 ಮುಟ್ಟಿದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಬೇಕಾಗುತ್ತದೆ.

ಬಯಾಪ್ಸಿ ರಿಪೋರ್ಟ್ ಬಂದರೆ ಅದರ ಫೋಟೋ ಇಲ್ಲಿ ಹಾಕಬೇಡಿ, ನಿಮ್ಮ ಹೆಸರು, ನಂಬರ್ ಎಲ್ಲ ಇರುತ್ತದೆ. ಡಾಕ್ಟರ ಹತ್ತಿರವೇ ಸಾಲು ಸಾಲು ಓದಿಸಿಕೊಳ್ಳಿ. ನಡುವೆ ಮತ್ತೆ ಗಂಟೆಗೊಂದು ಪ್ಯಾಡ್ ಆಗುವಷ್ಟು ಹೋದರೆ, ತಲೆ ತಿರುಗಿದರೆ, ರಿಪೋರ್ಟಿಗೆ ಕಾಯದೆ ಆ ಹೊತ್ತಿಗೇ ಆಸ್ಪತ್ರೆಗೆ ಹೋಗಿ.